ಸಿಕ್ಕ ತೀರ್ಪು ಇನ್ನೂ ನಿಂತಿದೆಯೇ? – ಕಾನೂನು ಗ್ರಂಥಪಾಲಕರೊಂದಿಗೆ ಪ್ರಶ್ನೋತ್ತರ

ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ ನಡೆಯುವ ಕೆಲಸ, ಅಲ್ಲಿ ವಿದ್ಯಾರ್ಥಿಗಳಿಗೆ ದೊರೆಯುವ ನೆರವು ಮತ್ತು ಕಾನೂನು ಸಂಶೋಧನೆಯ ಬೋಧನೆಯನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳು ಹಲವರಿಂದ ಬಂದಿದ್ದಲ್ಲಿ ಅವುಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ನಾನು ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದೇನೆ. ಕಾನೂನು ಕಾಲೇಜೊಂದರಲ್ಲಿ ಸಹಾಯಕ ಗ್ರಂಥಪಾಲಕಿಯಾಗಿ ಸೇರುವ ಅವಕಾಶ ಬಂದಿದೆ. ನಾನು ಕಾನೂನು ಓದಿದವಳಲ್ಲ. ವಿದ್ಯಾರ್ಥಿಗಳು ತೀರ್ಪುಗಳ ಬಗ್ಗೆ ಕೇಳಿದರೆ ಏನು ಹೇಳುವುದೆಂಬ ಅಳುಕಿದೆ. ಒಪ್ಪಿಕೊಳ್ಳಬಹುದೇ?

ಉತ್ತರ: ಒಪ್ಪಿಕೊಳ್ಳಿ. ಅಮೆರಿಕದ ಅನೇಕ ಕಾನೂನು ಶಾಲೆಗಳಲ್ಲಿ ಪರಾಮರ್ಶನ ಗ್ರಂಥಪಾಲಕರ ಹುದ್ದೆಗೆ ಕಾನೂನು ಪದವಿಯನ್ನೂ ಗ್ರಂಥಾಲಯ ವಿಜ್ಞಾನದ ಪದವಿಯನ್ನೂ ಒಟ್ಟಿಗೆ ಕೇಳುವ ರೂಢಿಯಿದೆ. ಬೇರೆ ಎಷ್ಟೋ ಕಡೆ ಎರಡನೆಯದಷ್ಟೇ ಸಾಕು. ಆ ಹುದ್ದೆಯಲ್ಲಿ ಕುಳಿತವರು ತೀರ್ಪಿನ ಸರಿತಪ್ಪುಗಳನ್ನು ವಿವೇಚಿಸಬೇಕಾಗಿಲ್ಲ. ಕಾನೂನು ಎಲ್ಲಿ ಹುಟ್ಟುತ್ತದೆ, ಎಲ್ಲಿ ಪ್ರಕಟವಾಗುತ್ತದೆ, ಯಾರಿಂದ ಬದಲಾಗುತ್ತದೆ, ಬದಲಾದದ್ದು ಎಲ್ಲಿ ದಾಖಲಾಗುತ್ತದೆ ಎಂಬುದನ್ನು ಅವರು ಬಲ್ಲವರಾಗಿರಬೇಕು. ಈ ತಿಳಿವಳಿಕೆ ಕಾನೂನು ಪದವೀಧರರೆಲ್ಲರಲ್ಲೂ ಇರುತ್ತದೆಂದು ಭಾವಿಸಬೇಡಿ. ಗೈಡು ಮತ್ತು ಟಿಪ್ಪಣಿಗಳ ಬಲದಿಂದಲೇ ಪದವಿ ಮುಗಿಸಿ, ಒಂದು ಪೂರ್ಣ ತೀರ್ಪನ್ನೂ ಮೊದಲಿನಿಂದ ಕೊನೆಯವರೆಗೆ ಓದದೆ ಹೊರಬಂದವರು ಕಡಿಮೆಯೇನಿಲ್ಲ.

ಸೇರುವ ಮುನ್ನ ಒಂದೇ ಒಂದು ತೀರ್ಪನ್ನು ಹಿಡಿದು ಕುಳಿತುಕೊಳ್ಳಿ. ಕೇಶವಾನಂದ ಭಾರತಿ ಪ್ರಕರಣವೇ ಆಗಬಹುದು. 1973ರ ಏಪ್ರಿಲ್ 24ರಂದು ಭಾರತದ ಸುಪ್ರೀಂ ಕೋರ್ಟ್‌ನ 13 ನ್ಯಾಯಮೂರ್ತಿಗಳ ಪೀಠ ನೀಡಿದ ಈ ತೀರ್ಪು ಒಂದು ಪುಸ್ತಕದಲ್ಲಿ ‘ಎಐಆರ್ 1973 ಎಸ್‌ಸಿ 1461’ ಎಂದೂ ಮತ್ತೊಂದರಲ್ಲಿ ‘(1973) 4 ಎಸ್‌ಸಿಸಿ 225’ ಎಂದೂ ಉಲ್ಲೇಖಗೊಳ್ಳುತ್ತದೆ. ತೀರ್ಪು ಒಂದೇ, ಅದನ್ನು ಅಚ್ಚು ಹಾಕಿದ ವರದಿ ಮಾಲೆಗಳು ಎರಡು: ಆಲ್ ಇಂಡಿಯಾ ರಿಪೋರ್ಟರ್ (ಎಐಆರ್) ಮತ್ತು ಸುಪ್ರೀಂ ಕೋರ್ಟ್ ಕೇಸಸ್ (ಎಸ್‌ಸಿಸಿ). ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಈ ಎರಡು ಉಲ್ಲೇಖಗಳನ್ನೂ ಚೀಟಿಯಲ್ಲಿ ಬರೆದುಕೊಂಡು ಬಂದು ‘ಈ ಎರಡು ಕೇಸುಗಳು ಬೇಕಾಗಿತ್ತು’ ಎಂದು ಕೇಳುವುದು ನಮ್ಮ ಮೇಜಿನ ಬಳಿ ಆಗಾಗ ನಡೆಯುವ ಸಂಗತಿ. ಆಗ ನೀವು ಎರಡೂ ಸಂಪುಟಗಳನ್ನು ತೆಗೆದು ಅಕ್ಕಪಕ್ಕ ತೆರೆದಿಟ್ಟು, ಪಕ್ಷಕಾರರ ಹೆಸರು, ದಿನಾಂಕ, ಪೀಠದ ವಿವರಗಳನ್ನು ಅವನ ಕೈಯಲ್ಲೇ ಹೋಲಿಸಿ ನೋಡಿಸಬೇಕು.

ಆವರಣ ಚಿಹ್ನೆಗಳನ್ನೂ ಗಮನಿಸಿ. ಇಂಗ್ಲೆಂಡಿನ ಪದ್ಧತಿಯಲ್ಲಿ ಇಸವಿಯು ಚೌಕಾವರಣದಲ್ಲಿದ್ದರೆ, ಉದಾಹರಣೆಗೆ ಡಾನಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣದ ‘[1932] ಎಸಿ 562’ ಎಂಬಲ್ಲಿರುವಂತೆ, ಆ ಇಸವಿಯಿಲ್ಲದೆ ಸಂಪುಟವನ್ನು ಗುರುತಿಸಲಾಗದು. ದುಂಡಾವರಣದಲ್ಲಿದ್ದರೆ ಸಂಪುಟಕ್ಕೆ ತನ್ನದೇ ಆದ ನಿರಂತರ ಕ್ರಮಸಂಖ್ಯೆ ಇರುತ್ತದೆ, ಇಸವಿ ಬರಿಯ ತಿಳಿವಳಿಕೆಗೆ. ಭಾರತದ ಎಸ್‌ಸಿಸಿಯಲ್ಲಿ ಇಸವಿ ದುಂಡಾವರಣದಲ್ಲಿದ್ದರೂ ಸಂಪುಟಸಂಖ್ಯೆ ಪ್ರತಿವರ್ಷ ಒಂದರಿಂದ ಆರಂಭವಾಗುವುದರಿಂದ ಅದನ್ನು ಬಿಡುವಂತಿಲ್ಲ. ಇಂತಹ ತೊಡಕುಗಳಿಂದ ಪಾರಾಗಲೆಂದೇ ಪ್ರಕಾಶಕರ ಹಂಗಿಲ್ಲದೆ ನ್ಯಾಯಾಲಯವೇ ಕ್ರಮಸಂಖ್ಯೆ ಕೊಡುವ ‘ನ್ಯೂಟ್ರಲ್ ಸೈಟೇಶನ್’ ಪದ್ಧತಿ ಇಂಗ್ಲೆಂಡಿನಲ್ಲಿ 2001ರಿಂದ, ಭಾರತದ ಸುಪ್ರೀಂ ಕೋರ್ಟ್‌ನಲ್ಲಿ 2023ರಿಂದ ಬಳಕೆಗೆ ಬಂದಿದೆ.

ಇನ್ನು ತೀರ್ಪಿನ ಆರಂಭದಲ್ಲಿ ಸಣ್ಣಕ್ಷರದಲ್ಲಿರುವ ಸಾರಾಂಶ, ಅಂದರೆ ಹೆಡ್‌ನೋಟ್. ಅದು ಸಾಮಾನ್ಯವಾಗಿ ವರದಿಗಾರರ ಅಥವಾ ಸಂಪಾದಕರ ಬರಹವೇ ಹೊರತು ನ್ಯಾಯಾಧೀಶರ ಮಾತಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1906ರಲ್ಲೇ, ಡೆಟ್ರಾಯಿಟ್ ಟಿಂಬರ್ ಪ್ರಕರಣದಲ್ಲಿ, ಹೆಡ್‌ನೋಟ್ ನ್ಯಾಯಾಲಯದ ಕೃತಿಯಲ್ಲವೆಂದು ಸ್ಪಷ್ಟಪಡಿಸಿತು. ಇಂದಿಗೂ ಆ ನ್ಯಾಯಾಲಯದ ತೀರ್ಪುಗಳೊಂದಿಗೆ ಬರುವ ಸಾರಾಂಶದ ನೆತ್ತಿಯ ಮೇಲೆ ಆ ಎಚ್ಚರಿಕೆ ಅಚ್ಚಾಗಿರುತ್ತದೆ. ಇಷ್ಟನ್ನು ನೀವು ಅರಿತುಕೊಂಡು ಹೋದರೆ ಮೊದಲ ತಿಂಗಳ ಪ್ರಶ್ನೆಗಳಲ್ಲಿ ಬಹುಪಾಲನ್ನು ನಿಭಾಯಿಸಬಲ್ಲಿರಿ. ಉಳಿದದ್ದನ್ನು ಕೆಲಸವೇ ಕಲಿಸುತ್ತದೆ.

ಪ್ರಶ್ನೆ: ಡೇಟಾಬೇಸಿನಲ್ಲಿ ನನ್ನ ವಿಷಯವನ್ನು ಟೈಪ್ ಮಾಡಿದರೆ ಸಾವಿರಾರು ತೀರ್ಪುಗಳು ಬರುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ. ಎಲ್ಲಿಂದ ಆರಂಭಿಸಬೇಕು? ಯಾವಾಗ ನಿಲ್ಲಿಸಬೇಕು? (ಎರಡನೆಯ ವರ್ಷದ ವಿದ್ಯಾರ್ಥಿನಿ)

ಉತ್ತರ: ಡೇಟಾಬೇಸಿನಿಂದ ಆರಂಭಿಸಬೇಡಿ ಎಂಬುದೇ ನನ್ನ ಮೊದಲ ಮಾತು. ಅಂಗಡಿಯೊಂದರಲ್ಲಿ ಒದ್ದೆ ನೆಲದ ಮೇಲೆ ಗ್ರಾಹಕರೊಬ್ಬರು ಜಾರಿಬಿದ್ದು ಕಾಲು ಮುರಿದುಕೊಂಡರು. ಅಂಗಡಿಯ ಮಾಲೀಕ ಪರಿಹಾರ ಕೊಡಬೇಕೇ ಎಂಬುದು ನಿಮ್ಮ ಪ್ರಶ್ನೆಯೆಂದು ಇಟ್ಟುಕೊಳ್ಳೋಣ. ನೀವು ‘ಅಂಗಡಿ, ಒದ್ದೆ ನೆಲ, ಜಾರಿದ್ದು’ ಎಂದು ಹುಡುಕುತ್ತೀರಿ. ಆದರೆ ನ್ಯಾಯಾಧೀಶರು ಆ ತೀರ್ಪಿನಲ್ಲಿ ಬರೆದಿರುವುದು ಆವರಣದ ಸ್ವಾಧೀನದಾರನ ಹೊಣೆ, ಎಚ್ಚರಿಕೆಯ ಕರ್ತವ್ಯ, ನಿರ್ಲಕ್ಷ್ಯ, ಗಾಯಾಳುವಿನದೇ ಆದ ಭಾಗಶಃ ನಿರ್ಲಕ್ಷ್ಯ ಎಂಬ ಪರಿಭಾಷೆಯಲ್ಲಿ. ನಿಮ್ಮ ಪದಗಳಿಗೂ ಅವರ ಪದಗಳಿಗೂ ಭೇಟಿಯೇ ಆಗದಿದ್ದರೆ ಯಂತ್ರ ಏನು ಮಾಡೀತು? ಆ ಪದಗಳು ಸಿಗುವುದು ಅಪಕೃತ್ಯ ಕಾನೂನಿನ (ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು) ಒಳ್ಳೆಯ ಭಾಷ್ಯಗ್ರಂಥವೊಂದರ ವಿಷಯಸೂಚಿಯಲ್ಲಿ. ಅಲ್ಲಿ ಅರ್ಧ ಗಂಟೆ ಕಳೆದರೆ ಪರಿಭಾಷೆಯ ಜೊತೆಗೆ ನಾಲ್ಕಾರು ಮುಖ್ಯ ತೀರ್ಪುಗಳ ಹೆಸರು ಅಡಿಟಿಪ್ಪಣಿಯಲ್ಲೇ ಸಿಗುತ್ತವೆ, ಸಂಬಂಧಪಟ್ಟ ಅಧಿನಿಯಮವಿದ್ದರೆ ಅದೂ ಸಿಗುತ್ತದೆ.

ಆಮೇಲೆ ಡೇಟಾಬೇಸಿಗೆ ಹೋಗಿ. ಅಲ್ಲಿಯೂ ಇಡೀ ವಾಕ್ಯವನ್ನು ತುಂಬುವ ಬದಲು, ಪ್ರಶ್ನೆಯನ್ನು ಎರಡು ಅಥವಾ ಮೂರು ಪರಿಕಲ್ಪನೆಗಳಾಗಿ ಒಡೆದು, ಪ್ರತಿಯೊಂದಕ್ಕೂ ಸಮಾನಾರ್ಥಕಗಳನ್ನು ‘ಆರ್’ನಿಂದ ಜೋಡಿಸಿ, ಪರಿಕಲ್ಪನೆಗಳನ್ನು ಒಂದಕ್ಕೊಂದು ‘ಅಂಡ್’ನಿಂದ ಕಟ್ಟಿ. ಎರಡು ಪದಗಳು ಒಂದೇ ತೀರ್ಪಿನಲ್ಲಿ ಎಲ್ಲೋ ಇದ್ದರೆ ಸಾಲದು, ಒಂದೇ ವಾಕ್ಯದಲ್ಲಿ ಅಥವಾ ಹತ್ತು ಪದಗಳ ಅಂತರದೊಳಗೆ ಇರಬೇಕು ಎಂದು ಕೇಳುವ ಸೌಲಭ್ಯ ಬಹುತೇಕ ಕಾನೂನು ಡೇಟಾಬೇಸುಗಳಲ್ಲಿದೆ. ವಿದ್ಯಾರ್ಥಿಗಳು ಅತ್ಯಂತ ಕಡಿಮೆ ಬಳಸುವ ಸೌಲಭ್ಯವೂ ಇದೇ, ಅತ್ಯಂತ ಹೆಚ್ಚು ಉಪಯುಕ್ತವಾದದ್ದೂ ಇದೇ. ಒಂದು ಎಚ್ಚರಿಕೆ: ಎರಡು ಪದಗಳ ನಡುವೆ ಬಿಟ್ಟ ಖಾಲಿ ಜಾಗಕ್ಕೆ ಒಂದು ಡೇಟಾಬೇಸು ‘ಎರಡೂ ಬೇಕು’ ಎಂದು ಅರ್ಥ ಮಾಡಿಕೊಂಡರೆ, ಇನ್ನೊಂದು ‘ಯಾವುದಾದರೊಂದು ಸಾಕು’ ಎಂದೂ, ಮತ್ತೊಂದು ‘ಇವೆರಡೂ ಒತ್ತಿಗೊತ್ತಿ ಇದೇ ಕ್ರಮದಲ್ಲಿರಬೇಕು’ ಎಂದೂ ಅರ್ಥ ಮಾಡಿಕೊಳ್ಳಬಹುದು. ಒಂದೇ ಹುಡುಕಾಟ ಒಂದು ಕಡೆ ಸಾವಿರ ಫಲಿತಾಂಶ ಕೊಟ್ಟು ಇನ್ನೊಂದು ಕಡೆ ಶೂನ್ಯ ಕೊಡುವುದಕ್ಕೆ ಅನೇಕ ವೇಳೆ ಇದೇ ಕಾರಣ. ಆಯಾ ಡೇಟಾಬೇಸಿನ ಸಹಾಯಪುಟವನ್ನು ಒಮ್ಮೆಯಾದರೂ ಓದಿರಿ, ಓದುವವರು ವಿರಳ.

ಒಂದು ಒಳ್ಳೆಯ ತೀರ್ಪು ಸಿಕ್ಕಿತೆಂದರೆ ಪದಗಳ ಹುಡುಕಾಟವನ್ನು ಬದಿಗಿಟ್ಟು ಆ ತೀರ್ಪಿನ ಹಿಂದಕ್ಕೂ ಮುಂದಕ್ಕೂ ನಡೆಯಬೇಕು. ಅದು ಆಧರಿಸಿದ ಹಳೆಯ ತೀರ್ಪುಗಳು ಹಿಂದಿನ ದಾರಿ, ಅದನ್ನು ಉಲ್ಲೇಖಿಸಿದ ನಂತರದ ತೀರ್ಪುಗಳು ಮುಂದಿನ ದಾರಿ. ಹೀಗೆ ಹೋಗುತ್ತಾ ಹೋಗುತ್ತಾ ಒಂದು ಹಂತದಲ್ಲಿ ಹೊಸ ಹೆಸರುಗಳು ಬರುವುದು ನಿಂತು, ನಿಮ್ಮ ಪಟ್ಟಿಯಲ್ಲಿ ಈಗಾಗಲೇ ಇರುವ ತೀರ್ಪುಗಳೇ ಒಂದನ್ನೊಂದು ಉಲ್ಲೇಖಿಸತೊಡಗುತ್ತವೆ. ಅಲ್ಲಿ ನಿಲ್ಲಿಸಬಹುದು. ಬೇರೆ ಬೇರೆ ಎರಡು ಮೂಲಗಳಲ್ಲಿ ಹುಡುಕಿದರೂ ಅದೇ ಪಟ್ಟಿ ಬಂದರೆ ಇನ್ನೂ ನೆಮ್ಮದಿಯಿಂದ ನಿಲ್ಲಿಸಬಹುದು. ಎಷ್ಟು ಪುಟ ತುಂಬಿತು ಎಂಬುದು ನಿಲ್ಲಿಸುವ ಸೂಚನೆಯಲ್ಲ.

ಪ್ರಶ್ನೆ: ನನಗೆ ಬೇಕಾದ ವಾಕ್ಯ ತೀರ್ಪೊಂದರಲ್ಲಿ ಸಿಕ್ಕಿತು, ಉಲ್ಲೇಖಿಸಿದೆ. ‘ಇದು ಈಗ ಚಾಲ್ತಿಯಲ್ಲಿದೆಯೇ ಎಂದು ಗ್ರಂಥಾಲಯದಲ್ಲಿ ವಿಚಾರಿಸಿಕೊಂಡು ಬಾ’ ಎಂದು ಅಧ್ಯಾಪಕರು ವಾಪಸ್ ಕಳುಹಿಸಿದರು. ತೀರ್ಪು ಎಂದರೆ ತೀರ್ಪಲ್ಲವೇ?

ಉತ್ತರ: ನಿಮ್ಮ ಅಧ್ಯಾಪಕರಿಗೆ ನನ್ನ ನಮಸ್ಕಾರ ತಿಳಿಸಿ. ಇಂದು ತೀರ್ಪನ್ನು ಹುಡುಕುವುದು ಕಷ್ಟವಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಆರಂಭವಾದ ಲೀಗಲ್ ಇನ್‌ಫರ್ಮೇಶನ್ ಇನ್‌ಸ್ಟಿಟ್ಯೂಟ್, ಆಸ್ಟ್ರೇಲಿಯದಲ್ಲಿ 1995ರ ಆಸ್ಟ್‌ಲೀ, ಬ್ರಿಟನ್ನಿನಲ್ಲಿ 2000ದ ಬೇಲೀ, ಭಾರತದಲ್ಲಿ 2008ರ ಇಂಡಿಯನ್ ಕಾನೂನ್ ಇವೆಲ್ಲ ಕಾನೂನಿನ ಮೂಲಪಾಠವನ್ನು ಉಚಿತವಾಗಿ ಮನೆಬಾಗಿಲಿಗೆ ತಂದಿವೆ. ಸಿಕ್ಕ ತೀರ್ಪು ಇಂದಿಗೂ ನಿಂತಿದೆಯೇ ಎಂದು ಖಚಿತಪಡಿಸಿಕೊಳ್ಳುವುದೇ ಈಗ ಉಳಿದಿರುವ ಕಷ್ಟದ ಕೆಲಸ, ಮತ್ತು ಕಾನೂನು ಗ್ರಂಥಪಾಲಕರು ಕಲಿಸಬೇಕಾದ ವಿದ್ಯೆಗಳಲ್ಲಿ ಇದಕ್ಕೇ ನಾನು ಮೊದಲ ಸ್ಥಾನ ಕೊಡುತ್ತೇನೆ.

ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದುಪಡಿಯ ಮೂಲಕ ಮೊಟಕುಗೊಳಿಸುವಂತಿಲ್ಲ ಎಂದು 1967ರ ಗೋಲಕನಾಥ್ ತೀರ್ಪು ಹೇಳಿತು. ಆ ತೀರ್ಪನ್ನು ಇಂದು ತೆರೆದರೂ ಅದೇ ವಾಕ್ಯಗಳು ಅಷ್ಟೇ ಗಾಂಭೀರ್ಯದಿಂದ ಅಲ್ಲಿರುತ್ತವೆ. 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಲಾಯಿತು ಎಂಬ ಸಂಗತಿ ಆ ಪುಟದಲ್ಲಿ ಬರೆದಿರುವುದಿಲ್ಲ. ಹಾಗೆಯೇ ತುರ್ತುಪರಿಸ್ಥಿತಿಯ ಕಾಲದಲ್ಲಿ ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದ ಎಡಿಎಂ ಜಬಲ್ಪುರ ತೀರ್ಪು 1976ರದು; ಅದನ್ನು ಸ್ಪಷ್ಟ ಮಾತುಗಳಲ್ಲಿ ತಳ್ಳಿಹಾಕಿದ್ದು 2017ರ ಪುಟ್ಟಸ್ವಾಮಿ ಪ್ರಕರಣದ ಒಂಬತ್ತು ನ್ಯಾಯಮೂರ್ತಿಗಳ ಪೀಠ. ನಡುವಿನ ನಾಲ್ಕು ದಶಕಗಳಲ್ಲಿ ಆ ತೀರ್ಪಿನ ಸ್ಥಾನವೇನು ಎಂಬುದು ಸ್ವತಃ ಒಂದು ಸಂಶೋಧನಾ ಪ್ರಶ್ನೆ.

ಶಾಸನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಂತರಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವೆನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಅಸಂವಿಧಾನಿಕವೆಂದು ಅಸಿಂಧುಗೊಳಿಸಿತು. ಆದರೂ ಅದರಡಿ ಮೊಕದ್ದಮೆಗಳು ದಾಖಲಾಗುತ್ತಲೇ ಇದ್ದವು. 2021ರಲ್ಲಿ ಆ ಸಂಗತಿ ಮುಂದೆ ಬಂದಾಗ ನ್ಯಾಯಾಲಯವೇ ಆಘಾತ ವ್ಯಕ್ತಪಡಿಸಿತು. ನ್ಯಾಯಾಲಯ ಒಂದು ಸೆಕ್ಷನ್ನನ್ನು ಅಸಿಂಧುವೆಂದು ಘೋಷಿಸಿದ ಮಾತ್ರಕ್ಕೆ ಅದರ ಪಠ್ಯ ಕಾಯ್ದೆಯ ಪುಸ್ತಕದಿಂದ ತಾನಾಗಿ ಅಳಿಸಿಹೋಗುವುದಿಲ್ಲ. ಪುಟದ ಕೆಳಗಿನ ಸಣ್ಣ ಟಿಪ್ಪಣಿಯನ್ನು ಓದದವರ ಪಾಲಿಗೆ ಅದು ಜೀವಂತವಾಗಿಯೇ ಇರುತ್ತದೆ. ತರಗತಿಯಲ್ಲಿ ನಾನು ಈ ಉದಾಹರಣೆಯನ್ನು ಬಿಡುವುದೇ ಇಲ್ಲ, ಏಕೆಂದರೆ ಪರಿಶೀಲಿಸದ ಒಂದು ಪುಟದಿಂದ ಯಾರೋ ಒಬ್ಬರು ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ ಎಂಬುದು ಅಲ್ಲಿ ವಿದ್ಯಾರ್ಥಿಗಳಿಗೆ ನೇರವಾಗಿ ಕಾಣುತ್ತದೆ.

ಪರಿಶೀಲಿಸುವ ಸಾಧನ ಹೊಸದೇನಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಶೆಪರ್ಡ್ ಎಂಬವರು 1873ರಲ್ಲಿ ಅಂಟು ಹಚ್ಚಿದ ಸಣ್ಣ ಚೀಟಿಗಳನ್ನು ಅಚ್ಚುಹಾಕಿಸಿ ಮಾರತೊಡಗಿದರು. ಯಾವ ತೀರ್ಪನ್ನು ನಂತರ ಯಾವ ತೀರ್ಪು ಉಲ್ಲೇಖಿಸಿದೆ ಎಂಬ ವಿವರ ಆ ಚೀಟಿಗಳಲ್ಲಿರುತ್ತಿತ್ತು. ವಕೀಲರು ಅವುಗಳನ್ನು ತಮ್ಮ ವರದಿ ಸಂಪುಟಗಳ ಅಂಚಿನಲ್ಲಿ ಅಂಟಿಸಿಕೊಳ್ಳುತ್ತಿದ್ದರು. ಇಂದಿನ ಡೇಟಾಬೇಸುಗಳಲ್ಲಿ ತೀರ್ಪಿನ ಪಕ್ಕ ಕಾಣುವ ಕೆಂಪು, ಹಳದಿ, ಹಸಿರು ಗುರುತುಗಳು ಆ ಚೀಟಿಗಳ ವಂಶದವೇ. ಆದರೆ ಗುರುತು ನೋಡಿ ನಿಲ್ಲಿಸಬೇಡಿ. ಒಂದು ತೀರ್ಪು ಮೇಲ್ಮನವಿಯಲ್ಲಿ ರದ್ದಾಗುವುದು ಬೇರೆ, ಬೇರೊಂದು ಪ್ರಕರಣದಲ್ಲಿ ದೊಡ್ಡ ಪೀಠ ಅದರ ತತ್ವವನ್ನು ತಳ್ಳಿಹಾಕುವುದು ಬೇರೆ, ಸಂಗತಿಗಳು ಭಿನ್ನವೆಂಬ ಕಾರಣಕ್ಕೆ ಅದನ್ನು ಅನ್ವಯಿಸದೆ ಬಿಡುವುದು ಮತ್ತೂ ಬೇರೆ. ಕೆಂಪು ಗುರುತು ಬಿದ್ದ ತೀರ್ಪಿನಲ್ಲೂ ನಿಮಗೆ ಬೇಕಾದ ಅಂಶವೊಂದು ಅಬಾಧಿತವಾಗಿ ಉಳಿದಿರಬಹುದು. ಗುರುತು ಹಾಕಿದವರ ಮಾತನ್ನು ನಂಬುವುದಕ್ಕಿಂತ, ತಳ್ಳಿಹಾಕಿದರೆಂದು ಹೇಳುವ ಆ ತೀರ್ಪನ್ನೇ ತೆರೆದು ಸಂಬಂಧಪಟ್ಟ ಪ್ಯಾರಾವನ್ನು ಓದುವುದು ಕ್ಷೇಮ.

ಪ್ರಶ್ನೆ: ಎಲ್ಲವೂ ಅಂತರಜಾಲದಲ್ಲಿರುವಾಗ ಹಳೆಯ ಕಾನೂನು ಪುಸ್ತಕಗಳನ್ನು ಇಟ್ಟುಕೊಂಡು ಜಾಗ ವ್ಯರ್ಥ ಮಾಡುವುದೇಕೆ? (ಆಡಳಿತ ಮಂಡಳಿಯ ಸದಸ್ಯರೊಬ್ಬರು)

ಉತ್ತರ: ಭಾರತೀಯ ದಂಡ ಸಂಹಿತೆ 1860ರದು, ಅದರ ಜಾಗಕ್ಕೆ 2023ರ ಭಾರತೀಯ ನ್ಯಾಯ ಸಂಹಿತೆ ಬಂದದ್ದು 2024ರ ಜುಲೈ 1ರಂದು. ಆ ದಿನಾಂಕಕ್ಕೂ ಮುಂಚೆ ನಡೆದ ಅಪರಾಧಗಳ ವಿಚಾರಣೆ ಹಳೆಯ ಸಂಹಿತೆಯ ಪ್ರಕಾರವೇ ನಡೆಯುತ್ತದೆ. ಘಟನೆ ನಡೆದ ದಿನ ಕಾನೂನು ಹೇಗಿತ್ತು ಎಂಬುದು ನ್ಯಾಯಾಲಯಕ್ಕೆ ಬೇಕಾಗುತ್ತದೆ, ಇಂದು ಹೇಗಿದೆ ಎಂಬುದಷ್ಟೇ ಸಾಲದು. ಅಂತರಜಾಲದ ಬಹುತೇಕ ತಾಣಗಳು ತೋರಿಸುವುದು ಇಂದಿನ ಪಠ್ಯವನ್ನು. ಹೊಸ ಆವೃತ್ತಿ ಬಂದ ಕೂಡಲೇ ಹಳೆಯದನ್ನು ರದ್ದಿಗೆ ಹಾಕಿದ ಗ್ರಂಥಾಲಯ ಮುಂದೆ ಅದೇ ಪುಸ್ತಕಕ್ಕಾಗಿ ಬೇರೆಯವರ ಬಾಗಿಲು ತಟ್ಟುತ್ತದೆ. ಇನ್ನು ಅಂತರಜಾಲದ ಕೊಂಡಿಗಳ ಆಯುಷ್ಯದ ಬಗ್ಗೆ ಒಂದು ಮಾತು: ಅಮೆರಿಕದ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳಲ್ಲಿ ಕೊಟ್ಟ ಕೊಂಡಿಗಳಲ್ಲಿ ಸುಮಾರು ಅರ್ಧದಷ್ಟು ಮೂಲ ಮಾಹಿತಿಗೆ ಕರೆದೊಯ್ಯುತ್ತಿಲ್ಲವೆಂದು ಹಾರ್ವರ್ಡ್‌ನ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅಲ್ಲಿನ ಕಾನೂನು ಗ್ರಂಥಾಲಯ ‘ಪರ್ಮಾ’ ಎಂಬ ಕೊಂಡಿ ಸಂರಕ್ಷಣಾ ವ್ಯವಸ್ಥೆಯನ್ನು ಕಟ್ಟಿದ್ದು ಈ ಕಾರಣಕ್ಕೇ. ಹಾಗೆಂದು ಒಂದೇ ಪುಸ್ತಕದ ಹತ್ತು ಹಳೆಯ ಪ್ರತಿಗಳನ್ನು ಇಟ್ಟುಕೊಳ್ಳಬೇಕೆಂದು ನಾನು ವಾದಿಸಲಾರೆ. ಪ್ರತಿ ಆವೃತ್ತಿಯದೂ ಒಂದು ಪ್ರತಿ ಉಳಿದರೆ ಸಾಕು.

ಪ್ರಶ್ನೆ: ವಿದ್ಯಾರ್ಥಿಗಳು ಕೆಲವೊಮ್ಮೆ ತಮ್ಮ ಮನೆಯ ಆಸ್ತಿ ತಕರಾರು, ನೆರೆಯವರ ಮೇಲಿನ ದೂರು ಮುಂತಾದವನ್ನು ಹೇಳಿಕೊಂಡು ‘ನಾವು ಗೆಲ್ಲುತ್ತೇವೆಯೇ’ ಎಂದು ಗ್ರಂಥಪಾಲಕನಾದ ನನ್ನನ್ನೇ ಕೇಳುತ್ತಾರೆ. ನಿರಾಕರಿಸಿದರೆ ಬೇಸರಪಟ್ಟುಕೊಳ್ಳುತ್ತಾರೆ.

ಉತ್ತರ: ಬೇಸರವಾದರೂ ಆ ಗೆರೆಯನ್ನು ದಾಟಬೇಡಿ. ಯಾವ ಅಧಿನಿಯಮ ಅನ್ವಯಿಸಬಹುದು, ಅದರ ಪಠ್ಯ ಎಲ್ಲಿದೆ, ಅದರ ಮೇಲಿನ ಭಾಷ್ಯ ಯಾವುದು, ಕಾನೂನು ನೆರವು ಕೇಂದ್ರವನ್ನು ಹೇಗೆ ಸಂಪರ್ಕಿಸಬೇಕು ಎಂಬುದನ್ನು ತೋರಿಸುವುದು ಮಾಹಿತಿ. ಆ ಪಠ್ಯವನ್ನು ಅವರ ಸಂಗತಿಗಳಿಗೆ ಅನ್ವಯಿಸಿ ‘ನಿಮಗೆ ಹಕ್ಕಿದೆ, ದಾವೆ ಹೂಡಿ’ ಎನ್ನುವುದು ಸಲಹೆ. ಸಲಹೆ ಕೊಡುವವರಿಗೆ ಪರವಾನಗಿ, ಹೊಣೆಗಾರಿಕೆ, ಕಕ್ಷಿದಾರರ ಬಗೆಗಿನ ಕರ್ತವ್ಯ ಇವೆಲ್ಲ ಇರುತ್ತವೆ, ನಮಗೆ ಇಲ್ಲ. ಜೊತೆಗೆ ಮೇಜಿನ ಮುಂದೆ ನಿಂತು ಎರಡು ನಿಮಿಷದಲ್ಲಿ ಹೇಳಿದ ಕಥೆಯಲ್ಲಿ ಕಾಲಮಿತಿ ಮೀರಿದೆಯೇ, ಹಿಂದೆ ರಾಜಿಯಾಗಿದೆಯೇ ಎಂಬಂತಹ ನಿರ್ಣಾಯಕ ಸಂಗತಿಗಳು ಬಿಟ್ಟುಹೋಗಿರುತ್ತವೆ.

ನಿರಾಕರಿಸುವ ರೀತಿಯಲ್ಲಿ ಮಾತ್ರ ಮೆದುತನ ಇರಲಿ. ‘ಹೇಳಲಾಗದು’ ಎಂದು ಮುಖ ತಿರುಗಿಸದೆ, ಅವರನ್ನು ಕೂರಿಸಿ, ನಾಲ್ಕು ಮಾತು ಕೇಳಿ, ‘ಈ ಅಧ್ಯಾಯವನ್ನು ಓದಿ, ಆಮೇಲೆ ವಕೀಲರ ಬಳಿ ಈ ದಾಖಲೆಗಳೊಂದಿಗೆ ಹೋಗಿ’ ಎಂದು ಕಳುಹಿಸಿದರೆ ಬೇಸರ ಉಳಿಯುವುದಿಲ್ಲ. ಈ ಕೇಳುವಿಕೆ ನಮ್ಮ ವೃತ್ತಿಯ ಅರ್ಧ ಭಾಗ. ‘ಒಪ್ಪಂದ ಕಾನೂನಿನ ಪುಸ್ತಕ ಕೊಡಿ’ ಎಂದು ಬಂದ ವಿದ್ಯಾರ್ಥಿಗೆ ನಿಜವಾಗಿ ಬೇಕಾಗಿರುವುದು ಅಪ್ರಾಪ್ತ ವಯಸ್ಕರು ಮಾಡಿಕೊಂಡ ಒಪ್ಪಂದದ ಸಿಂಧುತ್ವದ ಮೇಲಿನ ಒಂದು ಲೇಖನವಾಗಿರಬಹುದು. ‘ಯಾವ ವಿಷಯದ ಮೇಲೆ ಬರೆಯುತ್ತಿದ್ದೀರಿ, ಇಲ್ಲಿಯವರೆಗೆ ಏನೇನು ನೋಡಿದ್ದೀರಿ, ಯಾವಾಗ ಒಪ್ಪಿಸಬೇಕು’ ಎಂದು ಕೇಳದೆ ಕಪಾಟಿನ ಕಡೆ ಬೆರಳು ತೋರಿಸಿದರೆ ಅವನು ಐದು ಪುಸ್ತಕ ಹೊತ್ತುಕೊಂಡು ಬರಿಗೈಯಲ್ಲಿ ಹೋದಂತೆ.

ಪ್ರಶ್ನೆ: ನಾನು ಕಾನೂನು ಅಧ್ಯಾಪಕಿ. ಪ್ರತಿವರ್ಷ ಆರಂಭದಲ್ಲಿ ಗ್ರಂಥಪಾಲಕರಿಂದ ಒಂದು ಗಂಟೆಯ ಸಂಶೋಧನಾ ಪಾಠ ಮಾಡಿಸುತ್ತೇವೆ. ತಿಂಗಳು ಕಳೆಯುವಷ್ಟರಲ್ಲಿ ಯಾರಿಗೂ ಏನೂ ನೆನಪಿರುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಹೊತ್ತು ತಪ್ಪಾಗಿದೆ. ಹುಡುಕಬೇಕಾದ ವಸ್ತುವೇ ಇನ್ನೂ ಇಲ್ಲದ ವಿದ್ಯಾರ್ಥಿಗೆ ಹುಡುಕುವ ಬಗೆಯನ್ನು ಕಲಿಸುತ್ತಿದ್ದೇವೆ. ಶಾಲಾರಂಭದ ವಾರದ ಗ್ರಂಥಾಲಯ ಪ್ರವಾಸ, ‘ಈ ಪುಸ್ತಕ ಯಾವ ಕಪಾಟಿನಲ್ಲಿದೆ ಕಂಡುಹಿಡಿಯಿರಿ’ ಎಂಬ ಆಟಗಳು ಫೋಟೋ ತೆಗೆಯಲು ಚೆನ್ನಾಗಿವೆ. ಅದಕ್ಕಿಂತ ಹೆಚ್ಚಿನ ಪ್ರಯೋಜನ ನನಗಂತೂ ಕಂಡಿಲ್ಲ. ಮೊದಲ ಬರವಣಿಗೆಯ ಕೆಲಸವನ್ನು ಕೊಟ್ಟ ನಂತರದ ವಾರದಲ್ಲಿ, ಅದೇ ಪ್ರಶ್ನೆಯನ್ನು ಇಟ್ಟುಕೊಂಡು, ಅರ್ಧರ್ಧ ಗಂಟೆಯ ಮೂರು ನಾಲ್ಕು ತರಗತಿಗಳನ್ನು ನೀವಿಬ್ಬರೂ ಒಟ್ಟಿಗೆ ನಡೆಸಿ ನೋಡಿ. ಅಧ್ಯಾಪಕರು ತರಗತಿಯಲ್ಲಿ ಇರುವುದು ಮುಖ್ಯ. ಅವರು ಎದ್ದುಹೋದರೆ ‘ಇದು ಪರೀಕ್ಷೆಗೆ ಬರುವುದಿಲ್ಲ’ ಎಂದು ವಿದ್ಯಾರ್ಥಿಗಳು ತೀರ್ಮಾನಿಸುತ್ತಾರೆ.

ಎರಡನೆಯದಾಗಿ, ಬರೆದ ಪ್ರಬಂಧಕ್ಕೆ ಮಾತ್ರ ಅಂಕ ಕೊಡದೆ ಹುಡುಕಿದ ದಾರಿಗೂ ಸ್ವಲ್ಪ ಅಂಕ ಮೀಸಲಿಡಿ. ಯಾವ ಮೂಲದಲ್ಲಿ, ಯಾವ ದಿನ, ಯಾವ ಪದಗಳಿಂದ ಹುಡುಕಿದೆ, ಏನು ಸಿಕ್ಕಿತು, ಯಾವುದನ್ನು ಏಕೆ ಕೈಬಿಟ್ಟೆ ಎಂಬುದನ್ನು ವಿದ್ಯಾರ್ಥಿ ಒಂದು ಹಾಳೆಯಲ್ಲಿ ದಾಖಲಿಸಲಿ. ಇದನ್ನು ಪ್ರಬಂಧ ಮುಗಿದ ಮೇಲೆ ನೆನಪಿನಿಂದ ಸೃಷ್ಟಿಸಿದ್ದು ಬರಹದಲ್ಲೇ ಗೊತ್ತಾಗುತ್ತದೆ: ಅಂತಹ ಹಾಳೆಯಲ್ಲಿ ಒಂದು ಹುಡುಕಾಟವೂ ವಿಫಲವಾಗಿರುವುದಿಲ್ಲ. ನಿಜವಾದ ಹಾಳೆಯಲ್ಲಿ ಕಾಟು ಹೊಡೆದದ್ದೇ ಹೆಚ್ಚು. ಇನ್ನೊಂದು ಅಭ್ಯಾಸ ನನಗೆ ಇಷ್ಟವಾದದ್ದು: ಹತ್ತು ಉಲ್ಲೇಖಗಳಿರುವ ಒಂದು ಪುಟವನ್ನು ಕೊಟ್ಟು, ಅವುಗಳಲ್ಲಿ ಕೆಲವು ತಳ್ಳಿಹಾಕಲ್ಪಟ್ಟ ತೀರ್ಪುಗಳಾಗಿಯೂ, ಕೆಲವು ಹೆಡ್‌ನೋಟಿನಿಂದ ಎತ್ತಿದ ವಾಕ್ಯಗಳಾಗಿಯೂ, ಒಂದೆರಡು ಭಿನ್ನಮತದ ನ್ಯಾಯಮೂರ್ತಿಯ ಮಾತನ್ನು ಬಹುಮತದ್ದೆಂದು ತೋರಿಸುವಂಥವಾಗಿಯೂ ಇರಿಸಿ, ದೋಷಗಳನ್ನು ಕಂಡುಹಿಡಿಯಲು ಹೇಳುವುದು. ಉಪನ್ಯಾಸದ ಹೊತ್ತಿನಲ್ಲಿ ಆಕಳಿಸುತ್ತಿದ್ದವರು ಬೇರೆಯವರ ತಪ್ಪು ಹುಡುಕುವಾಗ ಬಹಳ ಚುರುಕಾಗುತ್ತಾರೆ.

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಎರಡು ನಿಮಿಷದಲ್ಲಿ ತೀರ್ಪುಗಳ ಪಟ್ಟಿ ಕೊಡುತ್ತದೆ. ಹೀಗಿರುವಾಗ ಗ್ರಂಥಪಾಲಕರ ಬಳಿ ಬರುವ ಅಗತ್ಯವಾದರೂ ಏನು?

ಉತ್ತರ: ಪಟ್ಟಿಯಲ್ಲಿರುವ ತೀರ್ಪುಗಳು ಅಸ್ತಿತ್ವದಲ್ಲಿವೆಯೇ ಎಂದು ನೋಡುವ ಅಗತ್ಯವಿದೆ. ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯದ ಮುಂದಿದ್ದ ಮಾಟಾ ವಿರುದ್ಧ ಏವಿಯಾಂಕಾ ಪ್ರಕರಣದಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಉಲ್ಲೇಖಿಸಿ ಅರ್ಜಿ ಸಲ್ಲಿಸಿದರು. ‘ವರ್ಗೀಸ್ ವಿರುದ್ಧ ಚೈನಾ ಸದರ್ನ್ ಏರ್‌ಲೈನ್ಸ್’ ಎಂಬುದೂ ಸೇರಿದಂತೆ ಅವುಗಳಲ್ಲಿ ಹಲವು ಎಲ್ಲಿಯೂ ಇರಲಿಲ್ಲ. ಗಮನಿಸಬೇಕಾದದ್ದು ಮುಂದಿನ ಸಂಗತಿ: ಅನುಮಾನ ಬಂದ ವಕೀಲರು ಈ ತೀರ್ಪು ನಿಜವೇ ಎಂದು ಮತ್ತೆ ಅದೇ ಯಂತ್ರವನ್ನು ಕೇಳಿದರು, ನಿಜ, ದೊಡ್ಡ ಕಾನೂನು ಡೇಟಾಬೇಸುಗಳಲ್ಲಿ ಸಿಗುತ್ತದೆ ಎಂದು ಅದು ಉತ್ತರಿಸಿತು, ಅವರು ಅಷ್ಟಕ್ಕೇ ಸಮಾಧಾನಪಟ್ಟುಕೊಂಡರು. 2023ರ ಜೂನ್‌ನಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು. ಸಾಕ್ಷಿಯ ಮಾತು ಸತ್ಯವೇ ಎಂಬುದಕ್ಕೆ ಅದೇ ಸಾಕ್ಷಿಯನ್ನು ಪ್ರಮಾಣವಾಗಿ ಹಿಡಿಯುವ ವಕೀಲರು ನ್ಯಾಯಾಲಯದಲ್ಲಿ ಒಂದು ದಿನವೂ ಬಾಳಲಾರರು. ಯಂತ್ರದ ಮುಂದೆ ಕುಳಿತಾಗ ಆ ತರಬೇತಿ ಎಲ್ಲಿ ಹೋಗುತ್ತದೋ ತಿಳಿಯದು.

ನಾನು ಈ ಸಾಧನಗಳನ್ನು ನಿಷೇಧಿಸಬೇಕೆನ್ನುವ ಪಕ್ಷದವನಲ್ಲ. ಅಪರಿಚಿತ ವಿಷಯವೊಂದರ ಪರಿಭಾಷೆಯನ್ನು ತಿಳಿದುಕೊಳ್ಳಲು, ಹುಡುಕಾಟಕ್ಕೆ ಸಮಾನಾರ್ಥಕ ಪದಗಳನ್ನು ಕಲೆಹಾಕಲು ಅವು ನೆರವಾಗುತ್ತವೆ. ಅದಕ್ಕೆ ಮುಂಚೆ ಅವುಗಳನ್ನು ಪರೀಕ್ಷಿಸುವ ಕ್ರಮವೊಂದಿದೆ: ನಿಮಗೆ ಉತ್ತರ ಖಚಿತವಾಗಿ ಗೊತ್ತಿರುವ ಪ್ರಶ್ನೆಯನ್ನೇ ಕೇಳಿ. ಇತ್ತೀಚೆಗೆ ತಳ್ಳಿಹಾಕಲ್ಪಟ್ಟ ತೀರ್ಪಿನ ಮೇಲೆ ಕೇಳಿ. ಇಲ್ಲದ ಸೆಕ್ಷನ್ನೊಂದನ್ನು ಇದೆಯೆಂದು ಭಾವಿಸಿ ಕೇಳಿ, ಅದು ನಿಮ್ಮನ್ನು ತಿದ್ದುತ್ತದೆಯೋ ಅಥವಾ ನಯವಾಗಿ ತಲೆಯಾಡಿಸುತ್ತದೆಯೋ ನೋಡಿ. ಹೊಸ ಸಾಧನವನ್ನು ಚಂದಾ ಕಟ್ಟಿ ಕೊಳ್ಳುವ ಮುನ್ನ ಗ್ರಂಥಪಾಲಕರು ಮಾಡಬೇಕಾದ ಪರೀಕ್ಷೆಯೂ ಇದೇ, ಮಾರಾಟ ಪ್ರತಿನಿಧಿ ಸಿದ್ಧಪಡಿಸಿಕೊಂಡು ಬಂದ ಪ್ರಶ್ನೆಗಳನ್ನು ನೋಡುತ್ತಾ ಕೂರುವುದಲ್ಲ. ಆಮೇಲೂ, ಅದು ಕೊಟ್ಟ ಪ್ರತಿಯೊಂದು ತೀರ್ಪನ್ನೂ ಮೂಲದಲ್ಲಿ ತೆರೆದು, ಓದಿ, ನಂತರದ ತೀರ್ಪುಗಳಲ್ಲಿ ಅದಕ್ಕೇನಾಯಿತೆಂದು ನೋಡದೆ ನಿಮ್ಮ ಬರಹದಲ್ಲಿ ಸೇರಿಸಬೇಡಿ.

ಪ್ರಶ್ನೆ: ಅಣಕು ನ್ಯಾಯಾಲಯ ಸ್ಪರ್ಧೆಗೆ ನಮ್ಮ ಕಾಲೇಜಿನ ಎರಡು ತಂಡಗಳು ಎದುರುಬದುರಾಗಿವೆ. ಎರಡೂ ತಂಡದವರು ಒಬ್ಬರೇ ಗ್ರಂಥಪಾಲಕರ ನೆರವು ಪಡೆಯುತ್ತಿದ್ದಾರೆ. ನಮ್ಮ ವಾದ ಎದುರಾಳಿಗಳಿಗೆ ತಿಳಿದುಹೋಗುವುದಿಲ್ಲವೇ?

ಉತ್ತರ: ತಿಳಿಯಬಾರದು. ಯಾರು ಯಾವ ಪುಸ್ತಕ ಕೇಳಿದರು, ಯಾವ ತೀರ್ಪಿನ ಪ್ರತಿ ತೆಗೆಸಿಕೊಂಡರು ಎಂಬುದನ್ನು ಗುಟ್ಟಾಗಿಡುವುದು ನಮ್ಮ ವೃತ್ತಿಧರ್ಮ. ಅದು ಸ್ಪರ್ಧೆಯ ಕಾಲಕ್ಕೆ ಮಾತ್ರ ಸೀಮಿತವಲ್ಲ, ಅಧ್ಯಾಪಕರು ಕೇಳಿದರೂ ಹೇಳುವಂತಿಲ್ಲ. ಹುಡುಕುವ ವಿಧಾನವನ್ನು ಎರಡೂ ತಂಡಗಳಿಗೆ ಸಮಾನವಾಗಿ ಕಲಿಸಬಹುದು, ಮೂಲಗಳನ್ನು ತೋರಿಸಬಹುದು. ಒಂದು ತಂಡ ತಾನಾಗಿ ಕಂಡುಕೊಂಡ ತೀರ್ಪನ್ನು ಇನ್ನೊಂದು ತಂಡಕ್ಕೆ ‘ಇದನ್ನು ನೋಡಿದಿರಾ’ ಎಂದು ದಾಟಿಸುವಂತಿಲ್ಲ, ಯಾವ ವಾದ ಗಟ್ಟಿ ಎಂದು ಹೇಳುವಂತೆಯೂ ಇಲ್ಲ. ನೀವೂ ಒಂದು ಕೆಲಸ ಮಾಡಬೇಕು: ಪ್ರತಿ ತೆಗೆದ ಹಾಳೆಗಳನ್ನೂ ಟಿಪ್ಪಣಿಗಳನ್ನೂ ಓದುವ ಮೇಜಿನ ಮೇಲೆ ಬಿಟ್ಟುಹೋಗಬೇಡಿ, ಸಾರ್ವಜನಿಕ ಕಂಪ್ಯೂಟರಿನಿಂದ ಏಳುವ ಮುನ್ನ ಡೇಟಾಬೇಸಿನ ಖಾತೆಯಿಂದ ಹೊರಬನ್ನಿ, ಹಿಂದಿನವರ ಹುಡುಕಾಟದ ಇತಿಹಾಸ ಮುಂದೆ ಕುಳಿತವರಿಗೆ ಪೂರ್ತಿ ಕಾಣುತ್ತದೆ. ಸ್ಪರ್ಧೆಗೆ ಬೇಕಾದ ಪುಸ್ತಕದ ಪ್ರತಿ ಒಂದೇ ಇದ್ದರೆ, ಅದನ್ನು ಯಾರಿಗೂ ಮನೆಗೆ ಕೊಡದೆ ಸ್ಪರ್ಧೆ ಮುಗಿಯುವವರೆಗೆ ಗ್ರಂಥಾಲಯದಲ್ಲೇ ಓದುವಂತೆ ಕಾಯ್ದಿರಿಸಲು ಇಂದೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಮೊದಲು ಬಂದ ತಂಡ ಅದನ್ನು ಎರವಲು ಪಡೆದು ಎರಡು ವಾರ ಮರೆತುಬಿಡುತ್ತದೆ.